ಕಾರ್ಡಿನಲ್ಲಿ ಯಾರ ಹೆಸರಿದೆ?



ನಿಮ್ಮ ಮನೆಯ ರೇಷನ್ ಕಾರ್ಡನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಕುಟುಂಬದ ಮುಖ್ಯಸ್ಥರೆಂದು ಯಾರ ಹೆಸರಿದೆ? ದೇಶದ ಯೋಜನೆ, ಬಜೆಟ್ ಎಂದರೆ ಗಂಡಸರು ಟಿ.ವಿ. ಮುಂದೆ ಕುಳಿತು ವಾದಿಸುವ ವಿಷಯವೆಂದು ನಾವು ಎದ್ದು ಅಡುಗೆ ಮನೆಗೆ ಹೋಗುತ್ತೇವೆ. ಆದರೆ ಅದು ನಮಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ.

ಪ್ರವಾದಿ ಯೂಸುಫ್(ಅ)ರ ಕಥೆ ನಮಗೆಲ್ಲ ಗೊತ್ತು. ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ತೆನೆಯಲ್ಲೇ ಉಳಿಸಿಡಿ, ಬರದ ಏಳು ವರ್ಷಗಳಿಗೆ ಬೇಕಾಗುತ್ತದೆ ಎಂದು ಅವರು ಹೇಳಿದರು. ನಮ್ಮ ದೇಶವೂ 1965ರಲ್ಲಿ ಭಾರತ ಆಹಾರ ನಿಗಮವನ್ನು ಸ್ಥಾಪಿಸಿ ಧಾನ್ಯ ಕೂಡಿಡುತ್ತಾ ಬಂದಿದೆ. ಉಗ್ರಾಣ ತುಂಬಿದ್ದರೂ ಮನೆಯ ಮಡಕೆ ತುಂಬಬೇಕಾದರೆ ಕೈಯಲ್ಲಿ ಕೆಲಸವಿರಬೇಕು, ಇಲ್ಲವೇ ಕಾರ್ಡ್ ಇರಬೇಕು.

ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದ ಕಡೆಗೆ ಹೋದರೆ ಈ ಕೆಲಸದ ಕಥೆ ಕಾಣುತ್ತದೆ. ಇಂದಿರಾನಗರ ದಾಟಿದ ಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇದ್ದ ಜಾಗ. 1956ರಲ್ಲಿ, ಎರಡನೇ ಪಂಚವಾರ್ಷಿಕ ಯೋಜನೆ ಶುರುವಾದ ವರ್ಷವೇ ಹುಟ್ಟಿದ ಕಾರ್ಖಾನೆ ಅದು. 2002ರಲ್ಲಿ ಮುಚ್ಚಿತು. ಮುಂದೆ ದೂರವಾಣಿನಗರದಲ್ಲಿ 1948ರ ಐಟಿಐ. ಒಬ್ಬನಿಗೆ ಇಂಥ ಕಡೆ ಕೆಲಸ ಸಿಕ್ಕರೆ ಇಡೀ ಮನೆ ಉಣ್ಣುತ್ತಿತ್ತು. 1991ರ ಹೊಸ ಆರ್ಥಿಕ ನೀತಿಯ ನಂತರ ದಾರಿ ಬದಲಾಯಿತು. ವೈಟ್‌ಫೀಲ್ಡ್ ಬೆಳೆಯಿತು, ನಿಜ. ಅಲ್ಲಿ ನಮ್ಮ ಗಲ್ಲಿಯ ಹುಡುಗರಿಗೆ ಹೆಚ್ಚಾಗಿ ಸಿಕ್ಕಿದ್ದು ಗುತ್ತಿಗೆಯ ಕೆಲಸ, ಸೆಕ್ಯೂರಿಟಿ ಕೆಲಸ.

ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಒಬ್ಬ ಖಾಲಾ ಇದ್ದಾರೆ. ಅವರ ಯಜಮಾನರು ಒಂದು ಚಿಕ್ಕ ಲೇತ್ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದರು. ದೊಡ್ಡ ಕಾರ್ಖಾನೆಗಳ ಆರ್ಡರ್ ನಿಂತಾಗ ಅದೂ ನಿಂತಿತು. 1997ರಲ್ಲಿ ಸರಕಾರ ರೇಷನನ್ನು ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂದು ಎರಡು ಭಾಗ ಮಾಡಿತು. ಖಾಲಾರ ಮನೆಯ ಅರ್ಜಿಯಲ್ಲಿದ್ದುದು ಯಜಮಾನರ ಹಳೆಯ ಸಂಬಳ. ಸೀರೆಗೆ ಫಾಲ್ ಹಾಕಿ ಖಾಲಾ ಗಳಿಸುತ್ತಿದ್ದ ಬಿಡಿಗಾಸು ಯಾವ ಲೆಕ್ಕದಲ್ಲೂ ಇರಲಿಲ್ಲ. ಕಾಗದದಲ್ಲಿ ಅವರು ರೇಖೆಯ ಮೇಲಿದ್ದರು, ಒಲೆಯ ಮೇಲೆ ನೀರು ಹೆಚ್ಚಿಸಿದ ಗಂಜಿ ಇತ್ತು. ಮಕ್ಕಳು ಉಂಡ ಮೇಲೆ "ನನಗೆ ಹಸಿವಿಲ್ಲ ಬೇಟಿ" ಎನ್ನುತ್ತಿದ್ದರು. ಹಾಗೆ ಹೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಪಕ್ಕದ ಮನೆಯವರಾದ ನಾವು ಅದನ್ನು ನಂಬಿದೆವಲ್ಲ, ಆ ನಾಚಿಕೆ ನನಗೆ ಇಂದಿಗೂ ಇದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಖಾಲಾ ಹೊಸದಾಗಿ ಅರ್ಜಿ ಹಾಕಿದರು. ಮನೆಯಲ್ಲಿ ಹದಿನೆಂಟು ತುಂಬಿದ ಹಿರಿಯ ಮಹಿಳೆಯೇ ಕಾರ್ಡಿನ ಮುಖ್ಯಸ್ಥೆ ಎನ್ನುತ್ತದೆ ಆ ಕಾಯ್ದೆ. ಬಡತನ ರೇಖೆಯ ಕೆಳಗಿನ ಕಾರ್ಡ್ ಅವರ ಹೆಸರಿನಲ್ಲೇ ಬಂತು. ಅಂದು ಅವರು ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು.

ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬಗಳಿಗೆ ತಿಂಗಳಿಗೆ ತಲಾ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯ. 2023ರ ಜನವರಿಯಿಂದ ಇದಕ್ಕೆ ಬೆಲೆಯನ್ನೂ ಕೊಡಬೇಕಿಲ್ಲ. 'ತಲಾ' ಎಂಬ ಆ ಮಾತನ್ನು ಗಮನಿಸಿ. ಕಾರ್ಡಿನಲ್ಲಿ ಹೆಸರಿಲ್ಲದ ಬಾಯಿಗೆ ಪಾಲಿಲ್ಲ.

ಮೊನ್ನೆ ಖಾಲಾರ ಕಾರ್ಡನ್ನು ನಾನೇ ಓದಿ ನೋಡಿದೆ. ಸೊಸೆ ಬಂದು ನಾಲ್ಕು ವರ್ಷವಾದರೂ ಅವಳ ಹೆಸರು ಇನ್ನೂ ಕೆ.ಆರ್. ಪುರದ ತವರಿನ ಕಾರ್ಡಿನಲ್ಲೇ ಇದೆ. ಮೊಮ್ಮಗಳ ಹೆಸರು ಎರಡರಲ್ಲೂ ಇಲ್ಲ. ಸೋಮವಾರ ಆಧಾರ್, ಮಗುವಿನ ಜನನ ಪ್ರಮಾಣ ಪತ್ರ ಹಿಡಿದು ನಾವು ಮೂವರೂ ಹೋಗುವುದೆಂದು ನಿಶ್ಚಯಿಸಿದ್ದೇವೆ.