ಕುಪ್ಪಂ: ಮಕ್ಕಳೇ ಮೇಷ್ಟ್ರಾಗುವ ಊರು

ಮುಂದಿನ ರಜೆಗೆ ಬೆಂಗಳೂರಿಗೆ ಹೋದಾಗ ಒಂದು ದಿನ ಕುಪ್ಪಂಗೆ ಇಟ್ಟುಕೊಳ್ಳಿ. ಬಂಗಾರಪೇಟೆ ದಾಟಿ ಹೋಗುವ ರೈಲಿನಲ್ಲಿ ಸುಮಾರು 100 ಕಿಲೋಮೀಟರ್. ಊರು ಆಂಧ್ರದ್ದಾದರೂ ಕರ್ನಾಟಕ, ತಮಿಳುನಾಡು ಎರಡರ ಗಡಿಯೂ ಹತ್ತಿರ. ತೆಲುಗು, ಕನ್ನಡ, ತಮಿಳು ಮೂರೂ ಕಿವಿಗೆ ಬೀಳುತ್ತವೆ.

ಇಲ್ಲಿ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ನಿನ 172 ಎಕರೆ ಆವರಣವಿದೆ. ಬ್ಯಾಂಕ್ ಉದ್ಯೋಗ ಬಿಟ್ಟು ಬಂದ ರಾಮ್‌ಜಿ ರಾಘವನ್ ಮತ್ತು ಸಂಗಡಿಗರು 1999ರಲ್ಲಿ ಕಟ್ಟಿದ ಸಂಸ್ಥೆ. ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳು ಇಲ್ಲಿಗೆ ಬರುತ್ತಾರೆ. ದೂರದ ಶಾಲೆಗಳಿಗೆ ಪ್ರಯೋಗಾಲಯವೇ ವ್ಯಾನ್ ಏರಿ ಹೋಗುತ್ತದೆ. ಕರ್ನಾಟಕದಲ್ಲೂ ಈ ವ್ಯಾನುಗಳು ಓಡಾಡುತ್ತವೆ.

ದುಬಾರಿ ಉಪಕರಣಗಳ ನಡುವೆ ದಿನ ಕಳೆಯುವ ವಿಜ್ಞಾನಿ ನಾನು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಪಕರಣವಲ್ಲ, ಮೇಜಿನ ಹಿಂದೆ ನಿಂತವರು. ವಿಜ್ಞಾನ ಮೇಳಗಳಲ್ಲಿ ಪ್ರಯೋಗ ತೋರಿಸುವವರು ಶಾಲೆಯ ಮಕ್ಕಳೇ. ಓರಗೆಯವರಿಗೆ ಅವರೇ ಮೇಷ್ಟ್ರು.

ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ ಬೋರಲು ಹಾಕುವ ಪ್ರಯೋಗ ನಿಮಗೆ ಗೊತ್ತು. ಮಕ್ಕಳೇ ಕಲಿಯಬೇಕೆಂದರೆ ಮೊದಲು ಕೇಳಬೇಕಾದ್ದು ಇಷ್ಟೇ: "ಕೈ ಬಿಟ್ರೆ ಏನಾಗುತ್ತೆ, ಹೇಳಿ ನೋಡೋಣ?" ಎಲ್ಲರೂ ಊಹಿಸಿದ ಮೇಲೆ ಕೈ ಬಿಡುವುದು. ‘ವಾಯುವಿನ ಒತ್ತಡ’ ಎಂಬ ಮಾತು ಕೊನೆಗೆ ಬಂದರೆ ಸಾಕು. "ಅರ್ಧ ಲೋಟ ನೀರಿದ್ರೆ?" ಎಂದು ಎದುರಿನ ಹುಡುಗ ಕೇಳಿದಾಗ ಬಾಯಿಪಾಠ ಕೈಕೊಡುತ್ತದೆ. ಮಾಡಿಯೇ ನೋಡಬೇಕು, ತನ್ನ ಮಾತಿನಲ್ಲೇ ವಿವರಿಸಬೇಕು. ಲ್ಯಾಬ್ ಇಲ್ಲದ ಪ್ರೌಢಶಾಲೆಗೂ ಇದು ಎಟುಕುತ್ತದೆ.

ಈಗ ನಮ್ಮ ಮನೆಗಳನ್ನು ನೋಡಿ. ನಾವು ಮಕ್ಕಳಿಗೆ ಕನ್ನಡದಲ್ಲಿ ಹೇಳುವುದೇನು? ಊಟ ಮಾಡು, ಹಲ್ಲುಜ್ಜು, ಬೇಗ ಮಲಗು. ‘ಯಾಕೆ’, ‘ಹೇಗೆ’ ಎಲ್ಲ ಇಂಗ್ಲಿಷಿನ ಪಾಲು. ಹೀಗೇ ಮುಂದುವರಿದರೆ ಕನ್ನಡ ಬರೀ ಅಪ್ಪಣೆಯ ಭಾಷೆಯಾಗುತ್ತದೆ. ಅಪ್ಪಣೆ ಕೇಳುವ ವಯಸ್ಸು ದಾಟಿದ ದಿನ ಮಗುವಿಗೆ ಅದು ಬೇಡವಾಗುತ್ತದೆ.

ಈ ಶನಿವಾರ ಸಿಂಕಿನ ಮೇಲೆ ಲೋಟ, ರಟ್ಟು ಹಿಡಿದು ನಿಲ್ಲಿ. ಉತ್ತರ ನೀವು ಹೇಳಬೇಡಿ. ಸಂಜೆ ವಿಡಿಯೋ ಕಾಲ್‌ನಲ್ಲಿ ಮಗುವೇ ಅಜ್ಜಿಗೆ ಪಾಠ ಮಾಡಲಿ. ಗೊತ್ತಿಲ್ಲದ ಪದ ಇಂಗ್ಲಿಷಿನಲ್ಲೇ ಇರಲಿ, ವಾಕ್ಯ ಕನ್ನಡದ್ದಾಗಿರಲಿ. ಮರುಪ್ರಶ್ನೆ ಕೇಳುವಂತೆ ಅಜ್ಜಿಗೆ ಮೊದಲೇ ಹೇಳಿಡಿ.

ಕುಪ್ಪಂಗೆ ಹೊರಡುವ ಮುನ್ನ ಸಂಸ್ಥೆಗೆ ಬರೆದು ಅನುಮತಿ ಕೇಳಿ. ಹೋದಾಗ ನಿಮ್ಮ ಮಕ್ಕಳನ್ನು ಮುಂದೆ ಬಿಡಿ, ಪ್ರಶ್ನೆ ಅವರೇ ಕೇಳಲಿ.