ರಕ್ಷಕರ ಹೆಸರು

ನ್ಯಾಯಾಲಯದ ವರಾಂಡದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ವಿಚ್ಛೇದನದ ಮೊಕದ್ದಮೆಗಳಲ್ಲಿ "ಮಗು ನನ್ನದು" ಎಂಬ ಮಾತನ್ನು ಎರಡೂ ಕಡೆಯವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಆ ಮಾತನ್ನು ಒಮ್ಮೆ ನಾನೂ ಆಡಿದವನೇ. ನಾನು ಆಡಿದ್ದು ನ್ಯಾಯಾಧೀಶರ ಮುಂದಲ್ಲ, ಆದಾಯ ತೆರಿಗೆಯ ನಮೂನೆಯ ಮುಂದೆ.

2018ರ ಫೆಬ್ರವರಿಯಲ್ಲಿ ಪರಸ್ಪರ ಒಪ್ಪಿಗೆಯಿಂದ ನಮ್ಮ ವಿವಾಹ ವಿಚ್ಛೇದನವಾಯಿತು. ಮಗಳು ತಾಯಿಯೊಡನೆ ಬದಿಯಡ್ಕದ ಕಡೆ ಇರುವುದು, ನಾನು ಕಾಸರಗೋಡಿನಿಂದ ತಿಂಗಳಿಗೊಮ್ಮೆ ಜೀವನಾಂಶ ಕಳುಹಿಸುವುದು, ಭಾನುವಾರಗಳಲ್ಲಿ ಮಗಳನ್ನು ಕಾಣುವುದು, ಇಷ್ಟೂ ಒಪ್ಪಂದದಲ್ಲಿ ಬರೆಯಲ್ಪಟ್ಟಿತ್ತು. ಬರೆಯದೆ ಉಳಿದದ್ದು ಒಂದು ನಿರಖು ಠೇವಣಿ. ನನ್ನ ತಾಯಿ ಅಡಿಕೆ ಮಾರಿ ಕೂಡಿಟ್ಟ ಹಣದಲ್ಲಿ ಮೊಮ್ಮಗಳ ಹೆಸರಿಗೆ 6 ಲಕ್ಷ ರೂಪಾಯಿ ಇಟ್ಟಿದ್ದರು. ಶೇಕಡಾ 7ರ ದರದಲ್ಲಿ ವರ್ಷಕ್ಕೆ 42,000 ರೂಪಾಯಿ ಬಡ್ಡಿ. ಖಾತೆಗೆ ಕೊಟ್ಟಿದ್ದ ಪ್ಯಾನ್ ನನ್ನದು.

ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಬರುವ ಇಂತಹ ಆದಾಯಕ್ಕೆ ತಂದೆ ಅಥವಾ ತಾಯಿಯೇ ತೆರಿಗೆ ತೆರಬೇಕು. 1992ರ ಹಣಕಾಸು ಕಾಯಿದೆಯ ಮೂಲಕ ಆದಾಯ ತೆರಿಗೆ ಕಾಯಿದೆಗೆ ಸೇರಿದ 64(1ಎ) ಕಲಮು ಹೇಳುವುದು ಇದನ್ನೇ. ಮಗು ತನ್ನ ದುಡಿಮೆಯಿಂದಲೋ ಪ್ರತಿಭೆಯಿಂದಲೋ ಗಳಿಸಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ದಾಂಪತ್ಯ ಇರುವವರೆಗೆ ದಂಪತಿಗಳಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಅದು ಸೇರುತ್ತದೆ. ಆದುದರಿಂದ ಅಷ್ಟು ವರ್ಷವೂ ನನ್ನ ಲೆಕ್ಕದಲ್ಲಿಯೇ ತೋರಿಸುತ್ತಿದ್ದೆ.

2019ರ ಬೇಸಗೆಯಲ್ಲಿ, ವಿಚ್ಛೇದನದ ಅನಂತರದ ಮೊದಲ ಪೂರ್ಣ ವರ್ಷದ ವಿವರಣೆ ತಯಾರಿಸುವಾಗಲೂ ಯೋಚಿಸದೆ ಹಾಗೆಯೇ ಮಾಡಹೊರಟೆ. ಕಾನೂನಿನಲ್ಲಿರುವ 1,500 ರೂಪಾಯಿಯ ವಿನಾಯಿತಿ ಕಳೆದು 40,500. ನನ್ನ ಶೇಕಡಾ 20ರ ದರದಲ್ಲಿ ಉಪಕರವೂ ಸೇರಿ 8,424 ರೂಪಾಯಿ ತೆರಿಗೆ. ಮಗಳ ತಾಯಿ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಆಕೆಯ ಸಂಬಳಕ್ಕೆ ಈ ಬಡ್ಡಿಯನ್ನು ಕೂಡಿಸಿದರೂ ತೆರಿಗೆ ಸೊನ್ನೆ. ಇದು ತಿಳಿದೂ ನಾನು ಕೈಬಿಡಲು ಸಿದ್ಧನಿರಲಿಲ್ಲ. ಮನೆಯಲ್ಲಿ ಮಗಳಿಲ್ಲ, ನಮೂನೆಯ ಆ ಒಂದು ಸಾಲಿನಲ್ಲಾದರೂ ಅವಳು ನನ್ನೊಡನೆ ಇರಲಿ ಎಂಬ ಹಟ. ಇದನ್ನು ಅಂದು ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಮಗಳು ಶಾಲೆಯ ನಮೂನೆಯೊಂದನ್ನು ಹರಡಿಕೊಂಡು ಕುಳಿತಿದ್ದಳು. ಐದನೆಯ ತರಗತಿಗೆ ಸೇರಿದ್ದಳು. ತಾನೇ ತುಂಬಿಸುವೆನೆಂಬ ಹುಮ್ಮಸ್ಸು. "ಅಪ್ಪಾ, ರಕ್ಷಕರ ಹೆಸರು ಅಂತ ಇದೆ. ಒಬ್ಬರದಕ್ಕೇ ಜಾಗ. ಯಾರದು ಬರೆಯಲಿ?" ಎಂದು ಕೇಳಿದಳು. ನಾನು ಮಾತಿಗೆ ತಡಕಾಡುತ್ತಿರುವಾಗ ಅವಳೇ ಮುಂದುವರಿಸಿದಳು: "ಶಾಲೆಯಲ್ಲಿ ಜ್ವರ ಬಂದರೆ ಯಾರು ಕೂಡಲೇ ಬಂದು ಕರೆದುಕೊಂಡು ಹೋಗುತ್ತಾರೋ ಅವರದು ಬರೆಯಿರಿ ಅಂತ ಟೀಚರ್ ಹೇಳಿದ್ದಾರೆ."

"ಹಾಗಾದರೆ ಅಮ್ಮನದು ಬರೆ, ಮಗಾ" ಎಂದೆ. ಅವಳು ಗುಂಡಗಿನ ಅಕ್ಷರಗಳಲ್ಲಿ ಬರೆದಳು.

ಅಂದು ರಾತ್ರಿ 64(1ಎ) ಕಲಮನ್ನು ಮತ್ತೊಮ್ಮೆ ತೆರೆದೆ. ದಾಂಪತ್ಯ ಮುಗಿದ ಮೇಲೆ ಯಾರ ಆದಾಯ ಹೆಚ್ಚು ಎಂಬ ಪ್ರಶ್ನೆಯೇ ಅಲ್ಲಿ ಇಲ್ಲ. ಆ ವರ್ಷದಲ್ಲಿ ಅಪ್ರಾಪ್ತ ಮಗುವನ್ನು ಪೋಷಿಸಿದವರು ಯಾರೋ ಅವರ ಆದಾಯಕ್ಕೆ ಅದು ಸೇರಬೇಕು, ಅಷ್ಟೇ. ನನ್ನೊಳಗಿನ ವಕೀಲ ಸುಮ್ಮನಿರಲಿಲ್ಲ. 'ಪ್ರತಿ ತಿಂಗಳೂ ಹಣ ಕೊಡುವವನು ನಾನು. ಹಾಗಿರುವಾಗ ಪೋಷಕ ನಾನೇ ಅಲ್ಲವೇ?' ಎಂದು ವಾದ ಹೂಡಿದ. ಕಕ್ಷಿಗಾರರ ಪರವಾಗಿ ಇದಕ್ಕಿಂತ ದುರ್ಬಲ ವಾದಗಳನ್ನು ಮಂಡಿಸಿದವನು ನಾನು. ಆದರೆ ಮಗಳ ಟೀಚರು ಕೇಳಿದ ಪ್ರಶ್ನೆಯ ಮುಂದೆ ಅದು ನಿಲ್ಲಲಿಲ್ಲ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ತಂದೆತಾಯಿಗಳನ್ನು ರಕ್ಷಕರು ಎನ್ನುತ್ತೇವೆ, ಗಡಿಯಾಚೆ ಮಂಗಳೂರಿನಲ್ಲಿ ಪೋಷಕರು ಎನ್ನುತ್ತಾರೆ. ಕಾಯುವುದು, ಸಾಕುವುದು, ಎರಡೂ ದಿನನಿತ್ಯದ ಕೆಲಸಗಳು. ಹಣ ಕಳುಹಿಸುವುದು ನನ್ನ ಕರ್ತವ್ಯ. ಆ ಕೆಲಸಕ್ಕೆ ಅದು ಬದಲಿಯಾಗದು.

ತಾಯಿಯ ಈ ಸ್ಥಾನ ಕಾಗದದ ಮೇಲೆ ಬರಲು ನಮ್ಮ ದೇಶದಲ್ಲಿ ಬಹಳ ಕಾಲ ಹಿಡಿಯಿತು. ಲೇಖಕಿ ಗೀತಾ ಹರಿಹರನ್ ಅವರು ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ರಕ್ಷಕಿಯಾಗಿ ಸಹಿ ಮಾಡಿ ಕಳುಹಿಸಿದ್ದ ಅರ್ಜಿ, ತಂದೆಯ ಸಹಿ ಬೇಕೆಂಬ ಕಾರಣಕ್ಕೆ ಹಿಂದೆ ಬಂದಿತ್ತು. ತಂದೆಯ ಮರಣಾನಂತರವಷ್ಟೇ ತಾಯಿ ಸಹಜ ರಕ್ಷಕಿ ಎಂಬ ಅರ್ಥ ಸರಿಯಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ತಾಯಿಯೊಬ್ಬಳೇ ಸಾಕುವ ಮಕ್ಕಳ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದಾದದ್ದು 2018ರ ಡಿಸೆಂಬರಿನಲ್ಲಿ.

ಆ ವಾರ ಮಗಳ ತಾಯಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಬಡ್ಡಿ ಆಕೆಯ ಲೆಕ್ಕಕ್ಕೆ ಸೇರಿತು. ಬ್ಯಾಂಕು ನನ್ನ ಪ್ಯಾನಿನಡಿ ಮೊದಲೇ ಹಿಡಿದಿದ್ದ 4,200 ರೂಪಾಯಿಯ ತೆರಿಗೆಗಾಗಿ ಬ್ಯಾಂಕಿಗೆ ಘೋಷಣಾ ಪತ್ರ ಬರೆದುಕೊಟ್ಟೆ; ಅದು ಆಕೆಯ ಹೆಸರಿಗೆ ವರ್ಗವಾಗಿ ಮರುಪಾವತಿಯಾಯಿತು. ಆ ಹಣದಲ್ಲಿ ಮಗಳಿಗೊಂದು ಸೈಕಲ್ ಬಂತು.

ಇಂತಹ ಸ್ಥಿತಿಯಲ್ಲಿರುವ ಓದುಗರಿಗಾಗಿ ಕೆಲವು ಮಾತು. ಮಕ್ಕಳ ಹೆಸರಿನ ಠೇವಣಿಯ ವಿಚಾರವನ್ನು ವಿಚ್ಛೇದನದ ಒಪ್ಪಂದದಲ್ಲಿಯೇ ಬರೆಯಿಸಿರಿ. ಒಬ್ಬರ ಲೆಕ್ಕದಲ್ಲಿ ಒಮ್ಮೆ ಸೇರಿದ ಮಗುವಿನ ಆದಾಯವನ್ನು ಮುಂದಿನ ವರ್ಷಗಳಲ್ಲಿ ಇನ್ನೊಬ್ಬರ ಲೆಕ್ಕಕ್ಕೆ ಸೇರಿಸಬೇಕಾದರೆ ತೆರಿಗೆ ಅಧಿಕಾರಿ ಅವರ ಅಹವಾಲು ಕೇಳಬೇಕೆಂಬ ನಿಯಮವೂ ಇದೆ. ಆದುದರಿಂದ ಆರಂಭದಲ್ಲಿಯೇ ಸರಿಯಾಗಿರುವುದು ಲೇಸು. ಶಾಲಾ ಶುಲ್ಕದ ಕಡಿತದ ಪ್ರಶ್ನೆ ಬೇರೆ: ಅಲ್ಲಿ ನೋಡುವುದು ಯಾರು ಪಾವತಿಸಿದರು ಎಂಬುದನ್ನು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ಮಾತ್ರ ಅದು ದೊರೆಯುತ್ತದೆ. ದೇಣಿಗೆಗೂ ಅಭಿವೃದ್ಧಿ ನಿಧಿಗೂ ಇಲ್ಲ. ಜೀವನಾಂಶವಾಗಿ ಕೊಟ್ಟ ಹಣಕ್ಕೆ ಕೊಟ್ಟವರಿಗೆ ಯಾವ ಕಡಿತವೂ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆಯಾದರೂ ಅಪ್ರಾಪ್ತರ ಆದಾಯವನ್ನು ಹೆತ್ತವರ ಲೆಕ್ಕಕ್ಕೆ ಸೇರಿಸುವ ಕ್ರಮ ಉಳಿದಿದೆ.

ಮಗು ಯಾರದು ಎಂದು ಈ ಕಾನೂನು ಎಲ್ಲಿಯೂ ಕೇಳುವುದಿಲ್ಲ. ಸಾಕಿದವರು ಯಾರು, ಕೊಟ್ಟವರು ಯಾರು ಎಂದಷ್ಟೇ ಕೇಳುತ್ತದೆ. ಜಗಳವಾಡುತ್ತ ನನ್ನ ಕಚೇರಿಗೆ ಬರುವ ದಂಪತಿಗಳಿಗೆ ಈಗ ನಾನು ಮೊದಲು ಹೇಳುವುದು ಇದನ್ನೇ.

ಮುಂದಿನ ವರ್ಷ ಮಗಳಿಗೆ 18 ತುಂಬುತ್ತದೆ. ಅಂದಿನಿಂದ ಅಜ್ಜಿಯ ಠೇವಣಿಯ ಬಡ್ಡಿ ಅವಳದೇ ಆದಾಯ. ಅವಳ ತಾಯಿಯ ನಮೂನೆಯಲ್ಲಿಯೂ ಅವಳು ಇರುವುದಿಲ್ಲ. ಭಾನುವಾರಗಳಲ್ಲಿ ಈಗಲೂ ಬರುತ್ತಾಳೆ. ಯಾವ ಒಪ್ಪಂದವೂ ಇನ್ನು ಅವಳನ್ನು ಬರಮಾಡಲಾರದು. ಬಂದರೆ ತಾನಾಗಿಯೇ ಬರಬೇಕು.