ಹೊಲವೇ ಸಂಬಳವಾಗಿದ್ದ ಕಾಲ

ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯನ್ನು ನೋಡಿ ಅಷ್ಟಕ್ಕೇ ತೃಪ್ತರಾಗಿ ಹಿಂದಿರುಗುವ ಪ್ರವಾಸಿಕರು ಸಫಾ ಮಸೀದಿಯ ಕಡೆಗೂ ನಾಲ್ಕು ಹೆಜ್ಜೆ ಇಡುವುದು ಲೇಸು. ಬಸದಿಯು ರಟ್ಟರ ಕಾಲದ್ದು, 1204ರದು. ಮಸೀದಿಯು ಆದಿಲ್‌ಶಾಹಿ ಸರದಾರ ಅಸದ್ ಖಾನ್ ಲಾರಿಯದು. ಬೆಳಗಾವಿ ಸೀಮೆ ಆತನಿಗೆ ಜಹಗೀರಾಗಿ ಬಂದಿತ್ತು. ಆ ವಿಜಾಪುರದ ಮನೆತನದ ಮೂಲಪುರುಷ ಯೂಸುಫನು ತುರ್ಕಿಯ ಸುಲ್ತಾನ ಮುರಾದನ ಮಗನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಇದನ್ನು ಎಲ್ಲರೂ ನಂಬುವುದಿಲ್ಲ. ರಾಜರ ವಂಶಾವಳಿಗಳಿಗೆ ಇಂತಹ ಅಲಂಕಾರ ಹೊಸದೂ ಅಲ್ಲ! ಆದರೆ ತುರ್ಕಿಯ ಒಂದು ಪದ್ಧತಿಯು ನಮ್ಮ ಸೀಮೆಯದನ್ನು ಬಹುಮಟ್ಟಿಗೆ ಹೋಲುತ್ತಿದ್ದುದು ನಿಜ.

ಅಲ್ಲಿ ಸಿಪಾಹಿಯೆಂಬ ಕುದುರೆ ಸವಾರನಿಗೆ ರೊಕ್ಕದ ಸಂಬಳವಿರಲಿಲ್ಲ. ‘ತಿಮಾರ್’ ಎಂಬ ಹೆಸರಿನಿಂದ ಹಳ್ಳಿಯ ಕಂದಾಯವನ್ನು ಅವನಿಗೆ ವಹಿಸಿಕೊಡುತ್ತಿದ್ದರು. ಸುಲ್ತಾನನ ಕರೆ ಬಂದೊಡನೆ ಆತ ಸ್ವಂತ ಕುದುರೆ, ಆಯುಧಗಳೊಡನೆ ಹಾಜರಾಗಬೇಕು. ಆದಾಯ ಹೆಚ್ಚಾದಂತೆ ತನ್ನೊಡನೆ ಬೇರೆ ಸವಾರರನ್ನೂ ಕರೆತರಬೇಕು. ಹಾಜರಾಗದವನ ತಿಮಾರ್ ಹೋಯಿತೆಂದೇ ಅರ್ಥ.

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದ ದಾರಿ ಹಿಡಿದರೆ ನೆಲದ ಬಣ್ಣ ಬದಲಾಗುತ್ತದೆ. ಬಯಲು ಹಿಂದುಳಿದು, ಗದ್ದೆಗಳೂ ಕಾಡಿನ ಅಂಚೂ ಎದುರುಗೊಳ್ಳುತ್ತವೆ. ಖಾನಾಪುರದ ಬಳಿ ಮಲಪ್ರಭೆಯನ್ನು ಕಂಡು ಮುಂದೆ ನಂದಗಡಕ್ಕೆ ಹೋಗಬೇಕು. ನಮ್ಮ ನಾಡಿನ ಸಿಪಾಹಿಯ ಕಥೆ ಮುಗಿದದ್ದು ಅಲ್ಲಿ.

ಅವನಿಗೆ ಇಲ್ಲಿ ಶೇತ್‌ಸನದಿ ಎಂದು ಹೆಸರು. ‘ಶೇತ್’ ಎಂದರೆ ಮರಾಠಿಯಲ್ಲಿ ಹೊಲ. ‘ಸನದು’ ಎಂದರೆ ಅಪ್ಪಣೆಯ ಪತ್ರ. ಕಿತ್ತೂರು ದೇಸಾಯರ ಈ ಬಂಟರು ಊರ ಕಾವಲು, ಕೋಟೆಯ ಪಹರೆ ಮಾಡುವರು, ಯುದ್ಧವಾದರೆ ಕತ್ತಿ ಹಿಡಿಯುವರು. ಉಳಿದಂತೆ ತಮ್ಮ ಹೊಲದಲ್ಲಿ ನೇಗಿಲು ಹೂಡುವರು. ಮಡಿದ ವೀರನ ಮನೆಯವರಿಗೆ ಭೂಮಿ ಕೊಡುವ ‘ನೆತ್ತರುಕೊಡಗೆ’ ನಮ್ಮ ಹಳೆಯ ಶಾಸನಗಳಲ್ಲಿಯೇ ಬಂದಿದೆ. ಆದುದರಿಂದ ಅಂತಹ ಹೊಲವು ಅನ್ನವಷ್ಟೇ ಅಲ್ಲ, ಮನೆತನದ ಮಾನವೂ ಆಗಿತ್ತು.

1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಕಿತ್ತೂರು ಗೆದ್ದಿತು, ಡಿಸೆಂಬರಿನಲ್ಲಿ ಬಿದ್ದಿತು. ಕಂಪನಿ ಸರಕಾರಕ್ಕೆ ಈ ಬಂಟರ ಕತ್ತಿ ಬೇಕಿರಲಿಲ್ಲ. ಅವರ ಸೇವಾಭೂಮಿಯಲ್ಲಿ ಕೆಲಭಾಗವನ್ನು ಕಸಿದುಕೊಂಡು, ಉಳಿದುದಕ್ಕೆ ಭಾರಿ ಕಂದಾಯ ಹೇರಿತು. ಸಂಗೊಳ್ಳಿಯ ಶೇತ್‌ಸನದಿ ರಾಯಣ್ಣನೂ ಹೀಗೆ ಹೊಲ ಕಳೆದುಕೊಂಡವರಲ್ಲಿ ಒಬ್ಬ. 1830ರ ಜನವರಿಯಲ್ಲಿ ಅವನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಈ ಬಂಡಾಯದಲ್ಲಿ ಭೂಮಿಯ ದಫ್ತರಗಳು ಉರಿದುಹೋದುದನ್ನು ಬರಿಯ ಪುಂಡಾಟವೆನ್ನಲು ನನಗೆ ಮನಸ್ಸಿಲ್ಲ. ಒಂದು ಕಾಗದ ಹೊಲ ಕೊಟ್ಟಿತ್ತು, ಇನ್ನೊಂದು ಕಾಗದ ಅದನ್ನು ಕಿತ್ತುಕೊಂಡಿತ್ತು. ಈ ಎರಡನೆಯದರ ಮೇಲೆಯೇ ಅವನ ರೋಷ. ಚೆನ್ನಮ್ಮನ ದತ್ತುಪುತ್ರನನ್ನು ಗಾದಿಗೆ ತರುವ ಹಂಬಲವೂ ಇದರೊಡನೆ ಸೇರಿತ್ತು.

ಏಪ್ರಿಲ್ ತಿಂಗಳಲ್ಲಿ ಮೋಸದಿಂದ ಅವನನ್ನು ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಗಡಿಗರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಕರಿನೀರಿನ ಶಿಕ್ಷೆ.

ವಿಚಿತ್ರವೆಂದರೆ, ಅದೇ 1831ರಲ್ಲಿ ತುರ್ಕಿಯ ಸುಲ್ತಾನ ಎರಡನೆಯ ಮಹಮೂದನು ಅಳಿದುಳಿದ ತಿಮಾರ್‌ಗಳನ್ನು ರದ್ದುಪಡಿಸಿದ. ಹೊಸ ಸೈನ್ಯ ಕಟ್ಟಿದ ದೊರೆಗೆ ಹಳೆಯ ಸವಾರರು ಬೇಡವಾಗಿದ್ದರು. ಆದರೆ ಅಲ್ಲಿ ಹಲವರಿಗೆ ವಿಶ್ರಾಂತಿ ವೇತನವಾದರೂ ದೊರೆಯಿತು.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಮೇಲೆ ದೊಡ್ಡದೊಂದು ಆಲದ ಮರವಿದೆ. ಅವನ ಗೆಳೆಯನೇ ಅದನ್ನು ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳ ಭಾಗ್ಯ ಬೇಡಿ ಬಂದವರು ಅದರ ಕೊಂಬೆಗಳಿಗೆ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹೋಗುತ್ತಾರೆ.